ಮೊಳಕ್ಕನ ಚೌಕ

ಆ ಕೋಣೆಗೆ ಕಿಟಕಿ ಇರಲಿಲ್ಲ. ಮೊದಲು ಇದ್ದ ಎರಡನ್ನೂ ಹಲಗೆ ಹೊಡೆದು ಮುಚ್ಚಿ, ಮೇಲೆ ಬೂದು ಬಣ್ಣ ಬಳಿದುಬಿಟ್ಟಿದ್ದರು. ಬಿಸಿಲು ಬಿದ್ದರೆ ಕ್ಯಾಮೆರಾದ ಕಣ್ಣು ಮಂಕಾಗುತ್ತದಂತೆ, ಕೈ ಯಾವುದು ನೆರಳು ಯಾವುದು ತಿಳಿಯದೆ ಒದ್ದಾಡುತ್ತದಂತೆ. ನೆಲಕ್ಕೆ ಕಂದು ಕಾರ್ಪೆಟ್ಟು. ಅದರ ಮೇಲೆ ಹಳದಿ ಟೇಪಿನಲ್ಲಿ ಎಳೆದ ಒಂದು ಚೌಕ. ಈ ಅಂಚಿನಿಂದ ಆ ಅಂಚಿಗೆ ಎರಡು ದೊಡ್ಡ ಹೆಜ್ಜೆ. ಮೊಳಕ್ಕ ಆ ಚೌಕದಲ್ಲಿ ಮೂರು ವರ್ಷದಿಂದ ನಿಂತಿದ್ದಳು.

ನಿಂತಿದ್ದಳು ಅಂದರೆ ಸುಮ್ಮನೆ ನಿಂತಿರಲಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಇಲ್ಲದ ಚೆಂಡು ಎಸೆಯಬೇಕು, ಇಲ್ಲದ ಬ್ಯಾಟು ಬೀಸಬೇಕು, ಇಲ್ಲದ ಬಾಗಿಲು ತಳ್ಳಬೇಕು, ಇಲ್ಲದ ದೋಣಿಗೆ ಹುಟ್ಟು ಹಾಕಬೇಕು. ಎದುರಿನ ದೊಡ್ಡ ಪರದೆಯಲ್ಲಿ ನೀಲಿ ಅಂಗಿಯ ಗೊಂಬೆಯೊಂದು ಅವಳು ಮಾಡಿದ್ದನ್ನೇ ಮಾಡಬೇಕು. ಮಾಡಿದರೆ ಪಟ್ಟಿಯಲ್ಲಿ ಒಂದು ಗೀಟು, ಮಾಡದಿದ್ದರೆ ಸೊನ್ನೆ. ನೂರು ಸಲಕ್ಕೆ ಒಂದು ಪಟ್ಟಿ, ದಿನಕ್ಕೆ ಹದಿನಾಲ್ಕು ಪಟ್ಟಿ. ಗಾಳಿ ಗುದ್ದುವ ಉದ್ಯೋಗ ಎಂದು ಅವಳೇ ನಗುತ್ತಿದ್ದಳು.

ಪರದೆಯ ಕೆಳಗೆ ಕೂತಿದ್ದ ಕಪ್ಪು ಡಬ್ಬಿಯೇ ಇಷ್ಟಕ್ಕೆಲ್ಲ ಮೂಲ. ಗುಂಡಿ ಒತ್ತಿ ಆಡುವ ವಿಡಿಯೋ ಗೇಮುಗಳ ಕಾಲ ಮುಗಿಯಿತು, ಇನ್ನು ಮೈಯೇ ರಿಮೋಟು, ಡಬ್ಬಿಯ ಮುಂದೆ ನಿಂತು ಕೈಕಾಲು ಆಡಿಸಿದರೆ ಸಾಕು ಎಂದು ಕಂಪನಿ ಜಗತ್ತಿಗೆಲ್ಲ ಡಂಗುರ ಸಾರಿಬಿಟ್ಟಿತ್ತು. ಡಬ್ಬಿ ಅಂಗಡಿಗೆ ಬರಲು ಇನ್ನು ಹನ್ನೊಂದು ವಾರ. ಪತ್ರಿಕೆಯವರಿಗೆ ಸುಗ್ಗಿಯೋ ಸುಗ್ಗಿ. ಇನ್ನು ಅಜ್ಜಿಯೂ ಮೊಮ್ಮಗಳೂ ಒಂದೇ ಆಟ ಆಡುತ್ತಾರೆ, ಸೋಫಾದಲ್ಲಿ ಬೇರು ಬಿಟ್ಟ ಮಕ್ಕಳ ಬೊಜ್ಜು ಕರಗುತ್ತದೆ ಎಂದು ಒಬ್ಬರು ಬರೆದರೆ, ಅಷ್ಟು ಜಾಗ ಯಾರ ಮನೆಯಲ್ಲಿದೆ ಸ್ವಾಮಿ, ಮೊದಲು ಒಡೆಯುವುದು ದೀಪವೋ ಹೆಂಡತಿಯ ಮೂಗೋ ಎಂದು ಇನ್ನೊಬ್ಬರು ಕೇಳುತ್ತಿದ್ದರು. ಮತ್ತೊಬ್ಬರಿಗೆ, ಮನೆ ನಡುವೆ ರೆಪ್ಪೆ ಮಿಟುಕಿಸದ ಕ್ಯಾಮೆರಾ ಇಟ್ಟುಕೊಂಡು ಬನಿಯನ್ನಿನಲ್ಲಿ ಓಡಾಡುವುದು ಹೇಗೆಂಬ ಚಿಂತೆ. ಕೋಣೆಯ ಹನ್ನೊಂದು ಜನ ಚಹಾದ ಹೊತ್ತಿನಲ್ಲಿ ಇವನ್ನೆಲ್ಲ ಜೋರಾಗಿ ಓದಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಹನ್ನೊಂದರ ಮೇಲೆ ಹನ್ನೆರಡನೆಯವರು ಆ ಡಬ್ಬಿಯನ್ನು ನೋಡಿರಲಿಲ್ಲ. ಹಾಗಂತ ಕಂಪನಿಯ ಕಟ್ಟಪ್ಪಣೆ. ಬೇರೆ ಕಂಪನಿಯವರ ಕಿವಿಗೆ ಬಿದ್ದರೆ ಕೆಲಸ ಕೆಟ್ಟಿತೆಂದು ಬಾಗಿಲಲ್ಲೇ ಎಲ್ಲರ ಫೋನು ಇಸಕೊಳ್ಳುತ್ತಿದ್ದರು. ಕಸ ಗುಡಿಸುವ ಹೆಂಗಸು ಬಂದರೆ ಡಬ್ಬಿಗೆ ಬಟ್ಟೆ ಮುಚ್ಚುತ್ತಿದ್ದರು. ಒಂದು ದಿನ ಅವಳು, “ಯಾರು ಸತ್ತಿದ್ದು?” ಎಂದು ಕೇಳಿದ್ದಳು.

ಮೊಳಕ್ಕ ಎಂಬ ಹೆಸರಿಟ್ಟವನು ಕಣ್ಣು ಡಾಕ್ಟರು. ಅವನು ಡಾಕ್ಟರೂ ಅಲ್ಲ, ಮಣ್ಣೂ ಅಲ್ಲ. ಕ್ಯಾಮೆರಾದ ಸಾಫ್ಟ್‌ವೇರ್ ಬರೆಯುವವನು, ದಪ್ಪ ಕನ್ನಡಕದವನು. ಮೊದಲ ದಿನವೇ ಟೇಪು ಹಿಡಿದು ಅವಳ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು, “ಇವತ್ತಿಂದ ಡಬ್ಬಿಗೆ ಲೋಕವೆಲ್ಲ ಈ ಮೊಳದ ಲೆಕ್ಕದಲ್ಲೇ” ಎಂದಿದ್ದ. ಅಂದಿನಿಂದ ಮೊಳಕ್ಕ. ಮನೆಯಲ್ಲಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಅವಳಿಗೆ ಬೇಕಾಗಿದ್ದದ್ದು ಒಂದೇ: ಚೌಕದಿಂದ ಹೊರಗೆ ಬರುವುದು. ಮೇಲಿನ ಮಹಡಿಯಲ್ಲಿ ಹೊಸ ಆಟ ಯೋಚಿಸುವವರ ಕೋಣೆಯಿತ್ತು. ಅದಕ್ಕೆ ಮೂರು ಕಿಟಕಿ. ಡಬ್ಬಿ ಅಂಗಡಿಗೆ ಹೋದ ವಾರವೇ ಅಲ್ಲಿ ಒಂದು ಮೇಜು ನಿನ್ನದು ಎಂದು ಮ್ಯಾನೇಜರು ಎರಡು ಸಲ ಮಾತು ಕೊಟ್ಟಿದ್ದರು. ಅವಳ ಹತ್ತಿರ ಒಂದು ನೋಟ್‌ಬುಕ್ಕು, ಅದರಲ್ಲಿ ಅವಳದೇ ಒಂದು ಆಟ. ಎತ್ತರದ ಕಟ್ಟಡದ ಹೊರಗೆ ಹಗ್ಗಕ್ಕೆ ಜೋತುಬಿದ್ದು ಗಾಜು ಒರೆಸುವವನ ಆಟ. ಆಡುವವರು ಕೈಯಿಂದ ಗಾಳಿಯಲ್ಲಿ ಒರೆಸಬೇಕು; ಒರೆಸಿದಷ್ಟೇ ಜಾಗದಲ್ಲಿ ಒಳಗಿನ ಮನೆ ಕಾಣುತ್ತದೆ, ಒಂದೊಂದು ಗಾಜಿಗೂ ಒಂದೊಂದು ಸಂಸಾರ. ನಲವತ್ತು ಮನೆ ಯೋಚಿಸಿ ಬರೆದಿದ್ದಳು.

ಮನೆಯಲ್ಲಿ ಮಹಡಿ ಮೇಲಿನ ಮೇಜಿನ ಆಸೆಯೊಂದು ಬಿಟ್ಟು ಮಿಕ್ಕದ್ದನ್ನೆಲ್ಲ ಬಾಯಿ ಬಿಡುವಂತಿರಲಿಲ್ಲ. ಗಂಡ ಲಿಫ್ಟು ರಿಪೇರಿ ಮಾಡುವವನು. “ನಾವಿಬ್ಬರೂ ಪೆಟ್ಟಿಗೆಯೊಳಗೇ ಬಾಳ್ವೆ ಮಾಡೋರು. ನನ್ನದಾದರೆ ಮೇಲೆ ಕೆಳಗೆ ಹೋಗುತ್ತೆ, ನಿನ್ನದಕ್ಕೆ ಅದೂ ಇಲ್ಲ” ಎಂದು ಛೇಡಿಸುತ್ತಿದ್ದ. ಅತ್ತೆ ಅವನಂತೆ ನಕ್ಕು ಬಿಡುವವಳಲ್ಲ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ವ್ಯಾಯಾಮ ಹೇಳಿಕೊಟ್ಟ ಹೆಂಗಸು. ಕೊರಳಲ್ಲಿ ಸೀಟಿ ಇಲ್ಲದಿದ್ದರೂ ಇದೆ ಎಂಬಂತೆಯೇ ಕೂರುವವಳು. ಮೈದಾನದಲ್ಲಿ ಇನ್ನೂರು ಮಕ್ಕಳು ಕೈ ಎತ್ತಿದರೆ ಯಾವ ಸಾಲಿನ ಯಾವ ಕೈ ತಡವಾಯಿತೆಂದು ಹೇಳುವ ಕಣ್ಣು.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ಪತ್ರಿಕೆ ಕೆಳಗಿಟ್ಟು ಕೇಳಿದಳು:

“ಏನೇ, ಲೋಟ ಎತ್ತೋಕೆ ಯಾರ ಅಪ್ಪಣೆ ಕಾಯ್ತೀಯ?”

“ಯಾಕತ್ತೆ?”

“ಕೈ ಮುಂದೆ ಹೋಯ್ತು. ನಿಂತಿತು. ಆಮೇಲೆ ಲೋಟ ಹಿಡಿದೆ. ನೀರಿನ ಜಗ್ಗಿಗೂ ಹಾಗೇ ಮಾಡಿದೆ. ಬಾಗಿಲ ಚಿಲಕಕ್ಕೂ ಹಾಗೇ.”

“ನಿದ್ದೆಗಣ್ಣು.”

“ನಿದ್ದೆಗಣ್ಣಿನವರು ಎಡವುತ್ತಾರೆ, ನಿಲ್ಲೋದಿಲ್ಲ” ಎಂದು ಅತ್ತೆ ಮತ್ತೆ ಪತ್ರಿಕೆ ಎತ್ತಿಕೊಂಡಳು. ಅದರಲ್ಲೂ ಡಬ್ಬಿಯ ಸುದ್ದಿಯೇ. “ಈ ಆಟದ ಡಬ್ಬಿ ನಿಮ್ಮ ಕಂಪನಿಯದೇ ಅಲ್ವಾ? ಹೇಳಬೇಡ ಬಿಡು, ನಿನ್ನ ಬಾಯಿಗೆ ಬೀಗ ಅಂತ ಗೊತ್ತು. ಇದರಲ್ಲಿ ಬ್ಯಾಡ್ಮಿಂಟನ್ ಇದೆಯಂತೆ, ನಿಂತಲ್ಲೇ ಆಡಬಹುದಂತೆ. ಈ ಮಂಡಿ ಓಡೋಕೆ ಒಲ್ಲೆ ಅಂತ ಒಂಬತ್ತು ವರ್ಷ ಆಯ್ತು. ಕೈಗೇನಾಗಿದೆ? ಕೈ ಇನ್ನೂ ಗಟ್ಟಿ.” ಹೇಳುತ್ತ ಹೇಳುತ್ತ ಕೂತಲ್ಲೇ ಒಮ್ಮೆ ಮಣಿಕಟ್ಟು ತಿರುಗಿಸಿದಳು. ಪತ್ರಿಕೆ ಛಟ್ಟೆಂದು ಸದ್ದು ಮಾಡಿತು. “ಬರಲಿ, ಮೊದಲು ನನ್ನ ಮಗನಿಗೇ ನೀರಿಳಿಸ್ತೀನಿ.”

ಮೊಳಕ್ಕನಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಮೂರು ವರ್ಷ ಗಾಳಿ ಗುದ್ದಿದ್ದಕ್ಕೆ ಒಬ್ಬರಾದರೂ ಕಾದು ಕೂತಿದ್ದಾರಲ್ಲ.

ಮರುವಾರ ಮ್ಯಾನೇಜರಿಗೆ ಹೊಸ ಯೋಚನೆ ಹೊಳೆಯಿತು. ಜಾಹೀರಾತಿಗೆ ಫೋಟೋ ಬೇಕು, ನಗುವ ಮುಖಗಳು ಬೇಕು. ಬಾಡಿಗೆ ಮುಖಗಳ ನಗು ಎಲ್ಲರಿಗೂ ಗೊತ್ತಾಗುತ್ತದೆ. “ನಿಮ್ಮ ಮನೆಯವರನ್ನೇ ಕರೆತನ್ನಿ. ಗುಟ್ಟು ಕಾಯೋ ಕಾಗದಕ್ಕೆ ಸಹಿ ಹಾಕಿಸೋಣ. ಶನಿವಾರ ಬೆಳಿಗ್ಗೆ ಎಲ್ಲರೂ ಆಡಲಿ.”

ಶನಿವಾರ ಕೋಣೆ ತುಂಬ ಜನ. ಕಣ್ಣು ಡಾಕ್ಟರನ ತಂಗಿ, ಆಟಗಳಿಗೆ ಸದ್ದು ಕೂಡಿಸುವ ಸದ್ದಿನ ಕೆಲಸದವನ ಹೆಂಡತಿ, ಯಾರದೋ ಮಾವ, ಯಾರವೋ ಅವಳಿ ಹೆಣ್ಣುಮಕ್ಕಳು. ಅತ್ತೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಬಂದಿದ್ದಳು. ಚೌಕದ ಹತ್ತಿರ ಬಂದವಳೇ ಟೇಪನ್ನು ಬೂಟಿನ ತುದಿಯಿಂದ ಒತ್ತಿ ನೋಡಿ, “ಗೆರೆ ಸೊಟ್ಟಗಿದೆ” ಎಂದಳು. ಎಲ್ಲರೂ ನಕ್ಕರು. ಫೋಟೋದವನು ಮಂಡಿಯೂರಿ ಕೂತ.

ಅತ್ತೆ ಬೀಸಿದಳು. ಏನು ಬೀಸು ಅದು! ಸೊಂಟದಿಂದ ಹೊರಟು ಭುಜ ದಾಟಿ ಮಣಿಕಟ್ಟಿನಲ್ಲಿ ಸಿಡಿದ ಒಂದೇ ಹೊಡೆತ. ಪಕ್ಕದಲ್ಲಿ ನಿಂತವರಿಗೆ ಗಾಳಿ ತಾಕಿತು. ಪರದೆಯ ನೀಲಿ ಗೊಂಬೆ ಮರದ ಕೊರಡಿನಂತೆ ನಿಂತಿತ್ತು. ಶಟಲ್ಲು ಬಂದು ಅದರ ಕಾಲ ಬಳಿ ಬಿತ್ತು.

“ಶುರುವಾಗಿಲ್ವಾ?”

“ಆಗಿದೆ ಅಮ್ಮ, ಇನ್ನೊಂದ್ಸಲ” ಎಂದ ಕಣ್ಣು ಡಾಕ್ಟರು.

ಇನ್ನೊಂದು ಸಲ. ಮತ್ತೊಂದು ಸಲ. ಗೊಂಬೆ ಆಗೊಮ್ಮೆ ಈಗೊಮ್ಮೆ, ಯಾರೋ ತಿವಿದು ಎಬ್ಬಿಸಿದಂತೆ ಕೈ ಎತ್ತುತ್ತಿತ್ತು. ಮೊಳಕ್ಕ ಗೋಡೆಗೊರಗಿ ಅಭ್ಯಾಸಬಲದಿಂದ ಗೀಟೂ ಸೊನ್ನೆಯೂ ಹಾಕುತ್ತಿದ್ದಳು. ನೂರಾಗುವ ಹೊತ್ತಿಗೆ ಅತ್ತೆಯ ಬೆನ್ನು ಒದ್ದೆ. ಫೋಟೋದವನು ಎದ್ದು ನಿಂತಿದ್ದ. ಗೀಟು ಎಣಿಸಿದರೆ ನೂರಕ್ಕೆ ಮೂವತ್ತೊಂದು.

“ನಾನು ಹೊಡೆದೆ. ಅದು ನೋಡಲಿಲ್ಲ” ಎಂದಳು ಅತ್ತೆ. ದೂರಿನ ದನಿಯಲ್ಲ; ಆಟದ ಮೇಷ್ಟರಿಗೆ ಒಪ್ಪಿಸುವ ವರದಿಯ ದನಿ.

ವಯಸ್ಸಾಯಿತಲ್ಲ ಎಂದು ಯಾರೋ ಗುನುಗಿದರು. ಕಣ್ಣು ಡಾಕ್ಟರನ ತಂಗಿ ಚೌಕಕ್ಕೆ ಇಳಿದಳು: ನೂರಕ್ಕೆ ಇಪ್ಪತ್ತೆಂಟು. ಅವಳಿಗಳಿಗೆ ಮೂವತ್ತಾರು, ಮೂವತ್ತು. ಮಾವನಿಗೆ ಹತ್ತೊಂಬತ್ತು, ಅವರು ಸಿಟ್ಟಿಗೆದ್ದು ಬೂಟು ಹಾಕಿಕೊಂಡು ಹೊರಗೆ ಹೋದರು. ಮ್ಯಾನೇಜರು ಹಣೆ ಒರೆಸಿಕೊಂಡು, “ಡಬ್ಬಿ ಕೆಟ್ಟಿದೆ, ಮೊಳಕ್ಕ ಒಮ್ಮೆ ನೋಡಲಿ” ಎಂದರು.

ಮೊಳಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದಳು. ತೊಂಬತ್ತೆಂಟು. ಸದ್ದಿನ ಕೆಲಸದವನು ಆಡಿದ: ತೊಂಬತ್ತೈದು. ಕಣ್ಣು ಡಾಕ್ಟರು ಆಡಿದ: ತೊಂಬತ್ತಾರು. ಡಬ್ಬಿಗೆ ಏನೂ ಆಗಿರಲಿಲ್ಲ.

ಎಲ್ಲರೂ ಪಟ್ಟಿಗಳ ಸುತ್ತ ಮುಗಿಬಿದ್ದರು. ಕುರ್ಚಿಯಲ್ಲಿ ಮಂಡಿ ನೀವಿಕೊಳ್ಳುತ್ತಿದ್ದ ಅತ್ತೆ ಮಾತ್ರ ತಲೆಯೆತ್ತಿ, “ನೀವೆಲ್ಲ ನಿಲ್ತೀರಿ” ಎಂದಳು.

“ಏನಂದ್ರಿ?”

“ಹೊಡೆಯೋ ಮುಂಚೆ ನಿಲ್ತೀರಿ. ಕೈ ಎತ್ತಿ, ಅರೆಗಳಿಗೆ ಕಲ್ಲಾಗಿ, ಆಮೇಲೆ ಬೀಸ್ತೀರಿ. ಮೂವರೂ ಹಾಗೇ. ಇವಳು ಮನೇಲೂ ಹಾಗೇ. ಆಟ ಆಡೋರು ಯಾರಪ್ಪಾ ಹಾಗೆ ನಿಲ್ತಾರೆ?”

ಕಣ್ಣು ಡಾಕ್ಟರು ಕನ್ನಡಕ ತೆಗೆದ. ಒರೆಸಲಿಲ್ಲ, ಸುಮ್ಮನೆ ಕೈಯಲ್ಲಿ ಹಿಡಿದುಕೊಂಡ. ಅವನಿಗೆ ಅರ್ಥವಾಗಿತ್ತು. ಮೊದಲ ತಿಂಗಳುಗಳಲ್ಲಿ ಕ್ಯಾಮೆರಾ ಮಂದವಾಗಿತ್ತು. ಕೈಯನ್ನು ಹುಡುಕಿ ಗುರುತು ಹಿಡಿಯಲು ಅದಕ್ಕೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಸಿಗದೆ ಸಿಗದೆ ಬೇಸತ್ತ ಹನ್ನೊಂದು ಮೈಗಳೂ, ಯಾರೂ ಹೇಳಿಕೊಡದೆ, ಒಂದಿಷ್ಟು ತಡೆದು ನಿಲ್ಲುವುದನ್ನು ಕಲಿತವು. ಅಂಕ ಏರಿತು. ಅಂಕ ಏರಿದ್ದು ತನ್ನ ಸಾಫ್ಟ್‌ವೇರಿನಿಂದ ಎಂದು ಅವನು ಬೀಗಿದ. ಆಮೇಲೆ ವಾರ ವಾರವೂ ಆ ನಿಲುಗಡೆಗೇ ಹೊಂದಿಸಿ ಬರೆಯುತ್ತ ಹೋದ. ತಾವು ಡಬ್ಬಿಗೆ ಮನುಷ್ಯರ ಚಲನೆ ಕಲಿಸುತ್ತಿದ್ದೇವೆ ಎಂದುಕೊಂಡಿದ್ದರು; ಕಲಿಸಿದ್ದು ಡಬ್ಬಿ, ಕಲಿತದ್ದು ಇವರು. ಹೊರಗಿನವರು ಒಬ್ಬರೇ ಒಬ್ಬರು ಒಳಗೆ ಬಂದಿದ್ದರೂ ಮೊದಲ ವರ್ಷವೇ ಬಯಲಾಗುತ್ತಿತ್ತು.

“ಇಲ್ಲಿ ಬಾ” ಎಂದಳು ಅತ್ತೆ ಸೊಸೆಗೆ. “ನಿಲ್ಲು ಚೌಕದಲ್ಲಿ. ನಾನು ಚಪ್ಪಾಳೆ ತಟ್ತೀನಿ. ಚಪ್ಪಾಳೆ ಬಿದ್ದ ತಕ್ಷಣ ಬೀಸು. ತಡೀಬಾರದು.”

ಚಪ್ಪಾಳೆ ಬಿತ್ತು. ಮೊಳಕ್ಕನ ಕೈ ಎದ್ದಿತು, ಗಾಳಿಯಲ್ಲಿ ನಿಂತಿತು, ಬೀಸಿತು. ಗೊಂಬೆ ಚಂದವಾಗಿ ಶಟಲ್ಲು ಹೊಡೆಯಿತು.

“ನಿಂತೆ.”

“ಇಲ್ಲತ್ತೆ.”

“ನಿಂತೆ. ಮತ್ತೆ.”

ಚಪ್ಪಾಳೆ. ಈ ಸಲ ಮೊಳಕ್ಕ ಹಲ್ಲು ಕಚ್ಚಿ ಭುಜಕ್ಕೆ ಬಲ ಕೊಟ್ಟಳು. ನಿಂತಿತು. ಕಣ್ಣು ಮುಚ್ಚಿಕೊಂಡು ಬೀಸಿದಳು. ನಿಂತಿತು. ಎಡಗೈಯಲ್ಲಿ ಬೀಸಿದಳು, ಎಡಗೈಯೂ ಕಲಿತಿತ್ತು. ಪರದೆಯ ಗೊಂಬೆ ಮಾತ್ರ ಪ್ರತಿ ಸಲವೂ ವಿಧೇಯವಾಗಿ ಹೊಡೆದು, ಮುಷ್ಟಿ ಎತ್ತಿ ಗೆದ್ದವರಂತೆ ಕುಣಿಯಿತು. ಇಪ್ಪತ್ತು ಚಪ್ಪಾಳೆಯಾದ ಮೇಲೆ ಮೊಳಕ್ಕ ತನ್ನ ತೋಳನ್ನೇ ದಿಟ್ಟಿಸಿದಳು. ಒಳಗೆ ಇನ್ಯಾರೋ ಕೂತು ತೋಳಿನ ಹಗ್ಗ ಹಿಡಿದಿದ್ದಾರೆ, ಜಗ್ಗಿದರೂ ಬಿಡುತ್ತಿಲ್ಲ. ಅತ್ತೆ ಚಪ್ಪಾಳೆ ನಿಲ್ಲಿಸಿ, “ಸಾಕು, ನೀರು ಕುಡಿ” ಎಂದಳು. ಅವಳ ದನಿಯಲ್ಲಿ ಮೇಷ್ಟರು ಇರಲಿಲ್ಲ.

ಸೋಮವಾರ ಮ್ಯಾನೇಜರು ಮೊಳಕ್ಕನನ್ನು ಕೆಳಗಿನ ಕೋಣೆಗೆ ಬಿಡದೆ ನೇರ ಮೇಲಿನ ಮಹಡಿಗೆ ಕರೆದೊಯ್ದರು. ಮೂರು ಕಿಟಕಿಗಳಲ್ಲಿ ನಡುವಿನದರ ಕೆಳಗೆ ಖಾಲಿ ಮೇಜು. ಮೇಜಿನ ಮೇಲೆ ಒಂದು ಕಾಗದ, ಒಂದು ಪೆನ್ನು. ಕಾಗದಕ್ಕೆ ಕೊನೆಯ ಪಟ್ಟಿ ಎಂದು ಹೆಸರು. ಡಬ್ಬಿ ಅಂಗಡಿಗೆ ಹೋಗಬಹುದೋ ಇಲ್ಲವೋ ಎಂಬುದಕ್ಕೆ ಅದೇ ಆಧಾರ. ಅದರಲ್ಲಿ ಅಂಕ ಬರೆಯುವವರು, ಸಹಿ ಹಾಕುವವರು ಚೌಕದಲ್ಲಿ ನಿಂತವರೇ ಆಗಬೇಕು, ಬೇರೆ ಯಾರೂ ಮುಟ್ಟಕೂಡದು ಎಂಬ ನಿಯಮ ಕಂಪನಿ ತಾನೇ ಮಾಡಿಕೊಂಡದ್ದು.

“ಕೂತ್ಕೊಳ್ಳಮ್ಮ. ಕುರ್ಚಿ ಹೇಗಿದೆ?”

“ಮೆತ್ತಗಿದೆ ಸರ್.”

“ನಿನ್ನ ಅಂಕ ಎಷ್ಟು?”

“ತೊಂಬತ್ತೆಂಟು.”

“ನಿಜ ತಾನೇ? ಸುಳ್ಳು ಬರೆ ಅಂತ ನಾನು ಹೇಳ್ತಿಲ್ಲ. ನಿನ್ನ ಅಂಕ ನೀನು ಬರೆ. ಈ ಮೇಜು ಇವತ್ತಿಂದಲೇ ನಿನ್ನದು.”

“ಮಿಕ್ಕ ಜನ?”

“ಜನ ಕಲೀತಾರೆ. ನೀವು ಹನ್ನೊಂದು ಜನ ಕಲೀಲಿಲ್ವಾ? ಡಬ್ಬಿ ಜೊತೆ ಒಂದು ಸಣ್ಣ ಫಿಲ್ಮು ಹಾಕೋಣ, ಹೀಗೆ ಕೈ ಎತ್ತಿ, ಹೀಗೆ ಒಂಚೂರು ತಡೀರಿ ಅಂತ.”

“ಕಣ್ಣು ಡಾಕ್ಟರು ಏನಂತಾರೆ?”

ಮ್ಯಾನೇಜರು ಮುಖ ಕಿವುಚಿದರು. “ಅವನಿಗೇನು, ಮೊದಲಿಂದ ಬರೀಬೇಕು, ಹೊರಗಿನ ಇನ್ನೂರು ಜನ ಬೇಕು, ಒಂದು ವರ್ಷ ಬೇಕು ಅಂತಾನೆ. ವರ್ಷ ಅಂದ್ರೆ ನೀನೂ ಅಲ್ಲೇ ಇರಬೇಕು ತಿಳ್ಕೋ. ಹಳೇ ಮೈ ಯಾವುದು ಹೊಸ ಮೈ ಯಾವುದು ಅಂತ ತಾಳೆ ನೋಡೋಕೆ ನೀನೇ ಬೇಕು. ಆಗ ಈ ಮೇಜು ಕಾಯೋದಿಲ್ಲ, ಕ್ಯೂನಲ್ಲಿ ಜನ ಇದ್ದಾರೆ. ಯೋಚನೆ ಮಾಡು. ಅರ್ಧ ಗಂಟೆ ಬಿಟ್ಟು ಬರ್ತೀನಿ.”

ಮೊಳಕ್ಕ ಒಬ್ಬಳೇ ಉಳಿದಳು. ಬಿಸಿಲು ಮೇಜಿನ ಮೇಲೆ ಓರೆಯಾಗಿ ಬಿದ್ದಿತ್ತು. ಕೆಳಗೆ ಬೀದಿ. ಒಬ್ಬ ವ್ಯಾನಿನಿಂದ ಪೆಟ್ಟಿಗೆ ಇಳಿಸುತ್ತಿದ್ದ. ಒಬ್ಬಾಕೆ ಬಸ್ಸಿಗೆ ಕೈ ಅಡ್ಡ ಹಿಡಿದು ಓಡಿದಳು. ಎದುರಿನ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಒಬ್ಬ ಹೆಂಗಸು ಒದ್ದೆ ಬೆಡ್‌ಶೀಟು ಎತ್ತಿ ಒಂದೇ ಏಟಿಗೆ ಝಾಡಿಸಿದಳು. ಇನ್ನೊಂದು ಎತ್ತಿದಳು, ಝಾಡಿಸಿದಳು. ಯಾರೂ ಎಲ್ಲೂ ತಡೆಯುತ್ತಿರಲಿಲ್ಲ.

ಮೊಳಕ್ಕ ಆ ಫಿಲ್ಮನ್ನು ಕಣ್ಣ ಮುಂದೆ ತಂದುಕೊಂಡಳು. ಅದರಲ್ಲಿ ನಿಂತು ಕೈ ಎತ್ತಿ ತೋರಿಸುವವಳು ಇನ್ಯಾರು, ತಾನೇ. ಆಮೇಲೆ ಲಕ್ಷ ಮನೆಗಳಲ್ಲಿ ಲಕ್ಷ ಕೈಗಳು ಎದ್ದು ಗಾಳಿಯಲ್ಲಿ ನಿಲ್ಲುತ್ತವೆ. ಅತ್ತೆಯ ಆ ಬೀಸು ಎರಡು ತುಂಡಾಗುತ್ತದೆ. ಅಥವಾ ಅತ್ತೆ ಒಪ್ಪದೆ, ಡಬ್ಬಿಯ ಮೇಲೆ ಒಂದು ಬಟ್ಟೆ ಮುಚ್ಚಿ, ಮತ್ತೆ ಪತ್ರಿಕೆ ಹಿಡಿದು ಕೂರುತ್ತಾಳೆ. ಈ ಮೇಜಿನಲ್ಲಿ ಕೂತು ಗಾಜು ಒರೆಸುವವನ ಆಟ ಮಾಡಿದರೂ ಜನ ಗಾಜನ್ನು ತಡೆ ತಡೆದೇ ಒರೆಸಬೇಕು. ಎಷ್ಟು ಯೋಚಿಸಿದರೂ ಬಾಗಿಲು ಕಾಣಲಿಲ್ಲ. ಬರೆದರೆ ತಾನು ಹೊರಗೆ, ಲೋಕವೆಲ್ಲ ಚೌಕದೊಳಗೆ. ಬರೆಯದಿದ್ದರೆ ತಾನು ಒಳಗೆ. ಕುರ್ಚಿ ನಿಜಕ್ಕೂ ಮೆತ್ತಗಿತ್ತು. ಅರ್ಧ ಗಂಟೆಯೂ ಅವಳು ಅದರಲ್ಲಿ ಒರಗಿ ಕೂತಳು, ಅಷ್ಟಾದರೂ ದಕ್ಕಲಿ ಎಂದು. ಆಮೇಲೆ ಅಂಕದ ಜಾಗದಲ್ಲಿ ಮೂವತ್ತೊಂದು ಎಂದು ಬರೆದು ಸಹಿ ಹಾಕಿದಳು.

ಮ್ಯಾನೇಜರು ಕೂಗಾಡಲಿಲ್ಲ. ಕಾಗದ ಓದಿ, ಮಡಿಸಿ, “ಕುರ್ಚಿ ಸರಿಯಾಗಿ ಒಳಗೆ ತಳ್ಳಿ ಹೋಗಿ” ಎಂದರು. ಅರ್ಧ ಗಂಟೆ ಹಿಂದಿನ ‘ಅಮ್ಮ’ ಮಾಯವಾಗಿ ಬಿಗುಮಾನದ ‘ಹೋಗಿ’ ಬಂದಿತ್ತು.

ಸಂಜೆ ಅತ್ತೆ ಬಾಗಿಲಲ್ಲೇ ಕಾದಿದ್ದಳು. “ಏನಾಯ್ತೇ?”

“ನಿಮ್ಮ ಅಂಕ ಬರೆದು ಬಂದೆ.”

“ಫೇಲಾದವಳ ಅಂಕ ಯಾಕೆ ಬರೆದೆ? ಮಹಡಿ ಮೇಲಿನ ಕೆಲಸ ಹೋಯ್ತಾ?”

“ಹೋಯ್ತು.”

“ನನಗೋಸ್ಕರ ಮಾಡಿದ್ಯಾ? ಹಾಗಿದ್ರೆ ಹೇಳು, ಈಗಲೇ ಬೈದುಬಿಡ್ತೀನಿ.”

“ನಿಮಗೋಸ್ಕರ ಅಲ್ಲ.”

“ಸರಿ ಹಾಗಾದ್ರೆ” ಎಂದ ಅತ್ತೆ, ಬೈಯುವುದಕ್ಕೆ ಏನೂ ಸಿಗದೆ, ಅವಳ ಕೈಚೀಲ ಇಸಕೊಂಡು ಒಳಗೆ ಹೋದಳು.

ಪತ್ರಿಕೆಗಳಲ್ಲಿ ಡಬ್ಬಿ ಒಂದು ವರ್ಷ ತಡ ಎಂದು ಬಂತು. ಕೆಲವರು ಕಂಪನಿ ಮುಳುಗಿತೆಂದು ಬರೆದರು, ಕೆಲವರು ಇದೂ ಒಂದು ಜಾಹೀರಾತಿನ ಉಪಾಯ ಎಂದರು. ಮೇಲಿನ ಮೇಜಿಗೆ ಬೇರೆ ಯಾರೋ ಬಂದರು. ಕೆಳಗಿನ ಕೋಣೆಗೆ ಹೊರಗಿನವರು ಬರತೊಡಗಿದರು, ದಿನಕ್ಕೆ ಒಬ್ಬರಂತೆ. ಜೊತೆಗೆ ಕಣ್ಣು ಡಾಕ್ಟರು ಒಂದು ಹೊಸ ನಿಯಮವನ್ನೂ ತಂದ: ಬಂದವರು ಆಡುವಾಗ ಮೊಳಕ್ಕ ಚೌಕದ ಹಿಂದಿನ ಮೂಲೆಯಲ್ಲಿ, ಹಳೇ ಮೈಗೂ ಹೊಸ ಮೈಗೂ ಡಬ್ಬಿ ತಾಳೆ ನೋಡಲೆಂದು ಕ್ಯಾಮೆರಾಕ್ಕೆ ಕಾಣುವಂತೆ, ಕೈ ಕಟ್ಟಿಕೊಂಡು ನಿಲ್ಲಬೇಕು. ಅಲುಗಾಡುವಂತಿಲ್ಲ. ಅವಳು ಕೈ ಎತ್ತಿದ್ದನ್ನು ಒಮ್ಮೆ ನೋಡಿದರೂ ಜನ ಕಲಿತುಬಿಡುತ್ತಾರೆ, ಮತ್ತೆ ಎಲ್ಲ ಕೆಡುತ್ತದೆ.

ಮೊದಲು ಬಂದವಳು ಬೇಕರಿಯಲ್ಲಿ ಹಿಟ್ಟು ನಾದುವ ಹೆಂಗಸು. ತೋಳು ಒನಕೆಯಂತಿತ್ತು, ಮೊಣಕೈ ಹತ್ತಿರ ಒಂದಿಷ್ಟು ಹಿಟ್ಟು ಇನ್ನೂ ಅಂಟಿಕೊಂಡಿತ್ತು. ಚೌಕದ ನಡುವೆ ನಿಂತು ಹಿಂದಕ್ಕೆ ತಿರುಗಿದಳು.

“ಹೇಗೆ ಬೀಸಬೇಕಮ್ಮ? ಒಂದ್ಸಲ ತೋರಿಸಿ.”

“ತೋರಿಸೋ ಹಾಗಿಲ್ಲ. ನಿಮಗೆ ಹೇಗೆ ಬರುತ್ತೋ ಹಾಗೆ.”

“ನೀವು ಆಡಲ್ವಾ?”

“ಇಲ್ಲ.”

“ಮತ್ತೆ ನಿಂತಿರೋದು ಯಾಕೆ?”

“ಅದು ನನ್ನನ್ನ ನೋಡ್ಬೇಕಂತೆ.”

ಹೆಂಗಸು ಡಬ್ಬಿಯ ಕಡೆಗೊಮ್ಮೆ, ಇವಳ ಕಡೆಗೊಮ್ಮೆ ನೋಡಿ, ಪಾಪ ಎಂಬಂತೆ ತುಟಿ ಮಾಡಿ, ಬೀಸಿದಳು. ಗೊಂಬೆ ಅಲುಗಲಿಲ್ಲ. “ಸೊನ್ನೆ” ಎಂದಳು ಮೊಳಕ್ಕ. ಕಣ್ಣು ಡಾಕ್ಟರು ಬರೆದುಕೊಂಡ. ಹೆಂಗಸು ಮತ್ತೆ ಬೀಸಿದಳು, ಹಿಟ್ಟಿನ ಪುಡಿ ಕಾರ್ಪೆಟ್ಟಿನ ಮೇಲೆ ಉದುರಿತು. “ಸೊನ್ನೆ.” ಕಂಕುಳಲ್ಲಿ ಹುದುಗಿದ್ದ ಮೊಳಕ್ಕನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಮಿಡುಕಿದವು. ಅವುಗಳನ್ನು ಇನ್ನಷ್ಟು ಬಿಗಿಯಾಗಿ ಅದುಮಿ ಹಿಡಿದು, ಮೂರನೆಯ ಬೀಸಿಗೆ ಕಾದಳು.